ನಾಲಿಗೆಯಣ್ಣನ ಪಥ್ಯ

ಡಾಕ್ಟರು ಹೇಳಿದ್ದು ಒಂದೇ ಮಾತು. "ಕಣ್ಣಿಗೆ ಬಿದ್ದದ್ದು ಬಾಯಿಗೂ ಬೀಳುತ್ತೆ. ಸಿಹಿ ಇರೋದನ್ನೆಲ್ಲ ಕಣ್ಣಿಗೆ ಕಾಣದ ಹಾಗೆ ಇಡಿ."

ಎಂಥ ಸಾಧು ಮಾತು! ಇಂಥ ಸಾಧು ಮಾತು ಒಂದೇ ದಿನದಲ್ಲಿ ಒಬ್ಬ ಸಂಸಾರಸ್ಥನ ಕುರ್ಚಿಗೇ ಸಂಚಕಾರ ತರುತ್ತದೆ ಅಂತ ಡಾಕ್ಟರಿಗಾದರೂ ಹೇಗೆ ಗೊತ್ತಾಗಬೇಕು?

ಆ ಸಂಸಾರಸ್ಥ ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವವನು. ಹೌದು ಸ್ವಾಮಿ, ಅದೂ ಒಂದು ಕೆಲಸವೇ, ಅದಕ್ಕೂ ಸಂಬಳ ಕೊಡುತ್ತಾರೆ. ಓವನ್ನಿನಿಂದ ಇಳಿದ ಪ್ರತಿ ಬ್ಯಾಚಿನಿಂದ ಒಂದು ಬಿಸ್ಕತ್ತು ಅವನ ಮೇಜಿಗೆ ಬರುತ್ತದೆ. ಅವನು ಕಚ್ಚುತ್ತಾನೆ, ಕಣ್ಣು ಮುಚ್ಚುತ್ತಾನೆ, ನುಂಗುತ್ತಾನೆ, ಮೇಜಿನ ಮೇಲಿನ ಹಿತ್ತಾಳೆ ಗಂಟೆ ಬಾರಿಸುತ್ತಾನೆ. ಒಂದು ಸಲ ಬಾರಿಸಿದರೆ ಸರಿಯಿದೆ, ಪ್ಯಾಕ್ ಮಾಡಿ ಅಂತ. ಎರಡು ಸಲ ಬಾರಿಸಿದರೆ ಕೆಟ್ಟಿದೆ, ವಾಪಸ್ಸು ಅಂತ. ಮನೆಯಲ್ಲಿ ಅವನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲದಿದ್ದರೂ ಇಲ್ಲಿ ಆ ಗಂಟೆಗೆ ಎದುರು ಮಾತಾಡಿದವರಿಲ್ಲ. ಕಾರ್ಖಾನೆಯವರೆಲ್ಲ ಅವನನ್ನು ನಾಲಿಗೆಯಣ್ಣ ಅಂತಲೇ ಕರೆಯುತ್ತಿದ್ದರು. ಆ ಹೆಸರು ಕೇಳಿದರೆ ಅವನ ಎದೆ ಉಬ್ಬುತ್ತಿತ್ತು. ಇಪ್ಪತ್ತು ವರ್ಷ ಕಚ್ಚಿ ನುಂಗಿದ್ದರಿಂದ ಹೊಟ್ಟೆಯೂ ಉಬ್ಬಿತ್ತು.

ಹೋದ ವಾರ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ತಲೆ ಆಡಿಸಿದರು. ಸಕ್ಕರೆ ಮೇಲೆ ಹೋಗಿದೆ, ಮೊದಲು ಅದನ್ನ ಇಳಿಸೋಣ, ಉಳಿದದ್ದು ಆಮೇಲೆ ಅಂದರು. ನಾಲಿಗೆಯಣ್ಣ ಒಂದು ವಾರ ರಜೆ ಹಾಕಿ ಮನೆಯಲ್ಲಿ ಪಥ್ಯಕ್ಕೆ ಕೂತ. ಹೆಂಡತಿ ಬೇಯಿಸಿದ ತರಕಾರಿ ಕೊಟ್ಟಳು, ಹಸೀ ಸೌತೆಕಾಯಿ ಕೊಟ್ಟಳು, ಬೆಳಿಗ್ಗೆ ಸಂಜೆ ನಡೆಸಿದಳು, ಹೊತ್ತಿಗೆ ಸರಿಯಾಗಿ ಮಲಗಿಸಿದಳು. ಸಪ್ಪೆ ತಿಂದರೆ ನಾಲಿಗೆ ಹದಕ್ಕೆ ಬರುತ್ತೆ ಅಂತ ತಾನೇ ತೀರ್ಮಾನ ಮಾಡಿ ಉಪ್ಪನ್ನೂ ಅರ್ಧಕ್ಕೆ ಇಳಿಸಿದಳು. ಸಕ್ಕರೆ ಡಬ್ಬವನ್ನಂತೂ ಎಷ್ಟು ಚೆನ್ನಾಗಿ ಬಚ್ಚಿಟ್ಟಳೆಂದರೆ ಮೂರನೇ ದಿನ ತನ್ನ ಚಹಾಕ್ಕೆ ಬೇಕು ಅಂತ ಹುಡುಕಿದರೆ ಅವಳಿಗೂ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಇವತ್ತು ರಜೆ ಮುಗಿದಿತ್ತು. ಸಂಜೆ ಮತ್ತೆ ಡಾಕ್ಟರ ಹತ್ತಿರ ಹೋಗಿ ರಕ್ತ ಕೊಡಬೇಕಿತ್ತು. ನಡುವೆ ಇದ್ದದ್ದು ಒಂದು ಹಗಲು, ಒಂದು ಕಾರ್ಖಾನೆ.

"ನೋಡಿ, ಹೇಳಿಬಿಡ್ತೀನಿ," ಅಂದಳು ಹೆಂಡತಿ, ಬಾಗಿಲಲ್ಲಿ ಊಟದ ಡಬ್ಬ ಕೈಗೆ ಕೊಡುತ್ತ. "ಇವತ್ತು ಒಂದು ಚೂರು ಬಿಸ್ಕತ್ತು ಬಾಯಿಗೆ ಹೋಗಬಾರದು. ಸಂಜೆ ಸಕ್ಕರೆ ಇಳಿದಿದ್ರೆ ಸರಿ. ಇಳೀದಿದ್ರೆ ನಾಳೆಯಿಂದ ಆ ಕೆಲಸ ಬೇಡ. ನಮ್ಮಣ್ಣನ ಹತ್ರ ಮಾತಾಡಿ ಆಗಿದೆ. ಅವನ ಬಣ್ಣದಂಗಡೀಲಿ ಒಂದು ಸ್ಟೂಲ್ ಖಾಲಿ ಇದೆಯಂತೆ. ಅಲ್ಲಿ ಬಾಯಿಗೆ ಹಾಕ್ಕೊಳ್ಳೋ ವಸ್ತು ಒಂದೂ ಇಲ್ಲ."

"ಅಲ್ವೇ, ರುಚಿ ನೋಡೋದೇ ನನ್ನ ಕೆಲಸ. ಬಾಯಿಗೆ ಹಾಕದೆ ಹೇಗೇ ನೋಡ್ಲಿ?"

"ಅದು ನಿಮ್ಮ ತಲೆನೋವು." ಅಷ್ಟು ಹೇಳಿ ಅವಳು ಸುಮ್ಮನಾಗಿದ್ದರೆ ಇವನು ಜಗಳವಾಡಿ ಹೋಗುತ್ತಿದ್ದ. ಆದರೆ ಅವಳ ಕಣ್ಣು ತುಂಬಿ ಬಂತು. "ನಿಮಗೇನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ ರೀ?" ಅಂದಳು. ಇವನು ಆಯ್ತು, ಬಾಯಿಗಿಡಲ್ಲ, ನಿನ್ನಾಣೆ ಅಂದುಬಿಟ್ಟ.

ಆಣೆಯನ್ನು ಕಾಯಲು ಒಬ್ಬ ಕಾವಲುಗಾರನೂ ಇದ್ದ. ಅವಳ ತಮ್ಮ. ನಾಲಿಗೆಯಣ್ಣನೇ ಕೈಕಾಲು ಹಿಡಿದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿಸಿದ್ದ ಭಾಮೈದ. ಸಾಕಿದ ಗಿಣಿ ಹದ್ದಾಗಿ ಕುಕ್ಕುತ್ತದೆ ಅನ್ನುತ್ತಾರಲ್ಲ, ಹಾಗೆ. ಮುರಿದ ಬಿಸ್ಕತ್ತುಗಳನ್ನೆಲ್ಲ ಜೇಬಿಗೆ ತುಂಬಿಕೊಂಡು ದಿನವಿಡೀ ಮೇಯುವುದು ಅವನ ಮುಖ್ಯ ಕಸುಬು, ಪ್ಯಾಕಿಂಗು ಆಮೇಲೆ.

ಕಾರ್ಖಾನೆಯ ಗೇಟಿನಲ್ಲೇ ಅವನು ಕಾದು ನಿಂತಿದ್ದ. "ಬನ್ನಿ ಭಾವ. ಅಕ್ಕನಿಗೆ ಮಾತು ಕೊಟ್ಟಿದ್ದೀನಿ. ಇವತ್ತು ನೀವು, ನಿಮ್ಮ ಬಾಯಿ, ನನ್ನ ಎರಡು ಕಣ್ಣು," ಅಂದ. ಅವನ ಬಾಯ್ತುಂಬ ಬಿಸ್ಕತ್ತು ಇತ್ತು.

ರುಚಿ ಕೋಣೆ ಅಂದರೆ ಗಾಜಿನ ಗೋಡೆಯ ಒಂದು ಸಣ್ಣ ಗೂಡು. ಒಂದು ಕಡೆ ಪ್ಯಾಕಿಂಗ್, ಇನ್ನೊಂದು ಕಡೆ ಕಿಟಕಿಯಾಚೆ ಹಿಟ್ಟು ಕಲಸುವ ಹಜಾರ. ಆ ಕಿಟಕಿಯ ಕೆಳಗೆ ನೀಲಿ ಬಣ್ಣದ ದೊಡ್ಡ ಸಕ್ಕರೆ ಡ್ರಮ್ಮು. ನಾಲಿಗೆಯಣ್ಣ ಕೂತ ತಕ್ಷಣ ಅದು ಕಣ್ಣಿಗೆ ಬಿತ್ತು. ಮುಚ್ಚಳ ಬೇರೆ ತೆಗೆದಿತ್ತು. ವಾರದ ಉಪವಾಸಕ್ಕೆ ಆ ಬಿಳಿ ರಾಶಿ ನೋಡಿ ಬಾಯಲ್ಲಿ ನೀರೂರಿತು. ಕೂಡಲೇ ಡಾಕ್ಟರ ಮಾತು ನೆನಪಾಯಿತು.

"ಹಿಟ್ಟಜ್ಜಾ!" ಅಂತ ಕೂಗಿದ.

ಹಿಟ್ಟಜ್ಜ ಕಾರ್ಖಾನೆ ಶುರುವಾದಾಗಿನಿಂದ ಹಿಟ್ಟು ಕಲಸುತ್ತಿದ್ದ ಮುದುಕ. ರೆಪ್ಪೆಯ ಕೂದಲಿಂದ ಹಿಡಿದು ಕಾಲುಬೆರಳವರೆಗೆ ಬಿಳಿ. "ಏನೋ?" ಅಂತ ಕಿಟಕಿಗೆ ಬಂದ.

"ಈ ಸಕ್ಕರೆ ಡ್ರಮ್ಮನ್ನ ಬೇರೆ ಕಡೆ ಇಡಿಸ್ತೀಯಾ? ನನ್ನ ಕಣ್ಣಿಗೆ ಬೀಳಬಾರದು. ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರು ನಿನಗೆ ಹೇಳಿದ್ದಾ, ಡ್ರಮ್ಮಿಗೆ ಹೇಳಿದ್ದಾ? ಅದು ಹುಟ್ಟಿದಾಗಿಂದ ಅಲ್ಲೇ ಇದೆ."

"ಇವತ್ತೊಂದು ದಿನ ಅಜ್ಜಾ. ನಿನ್ನ ದಮ್ಮಯ್ಯ."

ಹಿಟ್ಟಜ್ಜ ಗೊಣಗುತ್ತ ಇಬ್ಬರನ್ನು ಕರೆದು ಡ್ರಮ್ಮನ್ನು ಉರುಳಿಸಿ ಮೈದಾ ಮೂಟೆಗಳ ಹಿಂದೆ ಇಡಿಸಿದ. ಈಗ ಕಿಟಕಿಯ ಕೆಳಗೆ ಬೋಳು ಬೋಳಾಗಿ ಕಂಡಿತು. ಖಾಲಿ ಜಾಗ ಕಂಡರೆ ಹಿಟ್ಟಜ್ಜನಿಗೆ ಆಗದು. ಪಕ್ಕದಲ್ಲಿದ್ದ ಇನ್ನೊಂದು ನೀಲಿ ಡ್ರಮ್ಮನ್ನು ಎಳೆಸಿ ಅಲ್ಲಿ ನಿಲ್ಲಿಸಿದ. ಅದು ಉಪ್ಪಿನದು.

"ಇದು ನೋಡಬಹುದೋ?" ಅಂತ ಕೇಳಿದ.

"ಉಪ್ಪು ತಾನೆ? ಧಾರಾಳವಾಗಿ ನೋಡಬಹುದು," ಅಂದ ನಾಲಿಗೆಯಣ್ಣ. ಮನಸ್ಸಿಗೆ ಎಷ್ಟೋ ಹಗುರವಾಯಿತು. ಪಥ್ಯ ಅಂದರೆ ಹೀಗೆ ಬುದ್ಧಿ ಉಪಯೋಗಿಸಿ ಮಾಡಬೇಕು ಅಂದುಕೊಂಡ. ಬುದ್ಧಿ ಹೆಚ್ಚಾದವರ ಕಥೆಯೇ ಹೀಗೆ, ಏನು ಹೇಳುವುದು!

ಅಷ್ಟರಲ್ಲಿ ಯಜಮಾನರು ಒಳಗೆ ನುಗ್ಗಿದರು. ಒಂದು ವಾರ ರುಚಿ ನೋಡುವ ಕೆಲಸವನ್ನು ಅವರೇ ಮಾಡಿದ್ದರು. ಅವರ ನಾಲಿಗೆಗೆ ಕಾಯಿಸಿದ ನೀರಿಗೂ ಸಾರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಎರಡು ಲಾರಿ ಮಾಲು ವಾಪಸ್ಸು ಬಂದಿತ್ತು.

"ಬಂದೆಯೇನಯ್ಯಾ ಮಹಾರಾಯ! ಇವತ್ತು ಮಧ್ಯಾಹ್ನ ಮೇಡಂ ಬರ್ತಾರೆ. ಆಫೀಸು, ಆಸ್ಪತ್ರೆ ಅಂತ ಊರ ತುಂಬ ಕ್ಯಾಂಟೀನು ಅವರದ್ದೇ. ಅವರಿಗೆ ಆರೋಗ್ಯದ ಬಿಸ್ಕತ್ತು ಬೇಕಂತೆ. ಸಕ್ಕರೆ ಹೆಸರಿಗೆ ಮಾತ್ರ, ಎರಡು ಸೌಟು. ಉಳಿದ ಕೆಲಸ ಎಲ್ಲಾ ನಿಲ್ಲಿಸಿದ್ದೀನಿ, ಇವತ್ತು ಅದೊಂದೇ ಬ್ಯಾಚು." ಆಮೇಲೆ ಮೇಜಿನ ಮೇಲೆ ಬಾಗಿ ದನಿ ಇಳಿಸಿದರು. "ಗಂಟೆ ಸರಿಯಾಗಿ ಹೊಡಿ. ಈ ಆರ್ಡರು ಕೈ ತಪ್ಪಿದರೆ ನಿನ್ನ ಕುರ್ಚಿ, ನಿನ್ನ ಗಂಟೆ, ನಿನ್ನ ನಾಲಿಗೆ ಮೂರನ್ನೂ ಗಂಟು ಕಟ್ಟಿ ಗೇಟಿನಾಚೆ ಇಡ್ತೀನಿ."

ಅವರು ಹೋದರು. ತಿಂದರೆ ಹೆಂಡತಿ ಕುರ್ಚಿ ಬಿಡಿಸುತ್ತಾಳೆ, ತಿನ್ನದಿದ್ದರೆ ಯಜಮಾನರು ಬಿಡಿಸುತ್ತಾರೆ. ಅತ್ತ ದರಿ, ಇತ್ತ ಪುಲಿ. ನಡುವೆ ಗಾಜಿನ ಗೋಡೆಗೆ ಮೂಗು ಒತ್ತಿ ನಿಂತ ಭಾಮೈದ.

ಕಿಟಕಿಯಾಚೆ ಹಿಟ್ಟಜ್ಜ ಕಲಸಲು ಶುರುಮಾಡಿದ. ಅವನು ಕೆಲಸ ಮಾಡುವ ರೀತಿಯೇ ಬೇರೆ. ಕಣ್ಣು ತಿರುಗುವ ಯಂತ್ರದ ಮೇಲೆ, ಬಾಯಿ ಪಕ್ಕದವನ ಜೊತೆ ಹರಟೆಯಲ್ಲಿ, ಕೈ ಮಾತ್ರ ತನ್ನಷ್ಟಕ್ಕೆ ಹಿಂದೆ ಹೋಗಿ ಕಿಟಕಿಯ ಕೆಳಗಿನ ಡ್ರಮ್ಮಿನಿಂದ ಸೌಟು ತುಂಬಿಕೊಂಡು ಬರುತ್ತಿತ್ತು. ಕಲಸಿದ್ದನ್ನು ಅವನು ಎಂದೂ ಬಾಯಿಗಿಟ್ಟವನಲ್ಲ. ತಪ್ಪಾಗಿದ್ದರೆ ಗಂಟೆ ಹೇಳುತ್ತೆ ಬಿಡು ಅನ್ನುತ್ತಿದ್ದ. ಈಗಲೂ ಕೈ ಹಿಂದೆ ಹೋಯಿತು. ಒಂದು ಸೌಟು. ಎರಡು ಸೌಟು. ನಾಲಿಗೆಯಣ್ಣ ಅದನ್ನು ಕಂಡ. ಕಂಡರೂ ಕಾಣಲಿಲ್ಲ, ಯಾಕೆಂದರೆ ಅವನ ಗಮನವೆಲ್ಲ ಭಾಮೈದನ ಮೂಗಿನ ಮೇಲಿತ್ತು.

ಬಿಸ್ಕತ್ತು ಬಂತು. ತಟ್ಟೆಯಲ್ಲಿ ಒಂದೇ ಒಂದು. ಹೊಂಬಣ್ಣ, ಅಂಚಿನಲ್ಲಿ ಸ್ವಲ್ಪ ಕೆಂಪು. ನಾಲಿಗೆಯಣ್ಣ ಕೈಗೆ ತಗೊಂಡ. ಗಾಜಿನಾಚೆ ಭಾಮೈದ ಫೋನು ತೆಗೆದು ಕಿವಿಗಿಟ್ಟ.

ಕಚ್ಚಿ ಉಗುಳಿದರಾಯಿತು ಅಂತ ನೀವು ಹೇಳಬಹುದು. ಆದರೆ ಉಗುಳುವವನು ರುಚಿಗಾರನೇ ಅಲ್ಲ, ರುಚಿ ಇರೋದು ಗಂಟಲಲ್ಲಿ ಅಂತ ಇಪ್ಪತ್ತು ವರ್ಷದಿಂದ ಕಂಡಕಂಡವರ ಮುಂದೆ ಭಾಷಣ ಬಿಗಿದವನು ಇವನೇ. ಮೇಲಾಗಿ ಬಾಯಿಗೆ ಹೋಗಬಾರದು ಅಂತ ಆಣೆ, ಹೊಟ್ಟೆಗೆ ಅಂತಲ್ಲ.

ಮೂಸಿ ನೋಡಿದ. ಒಳ್ಳೆಯ ವಾಸನೆ. ಮೇಜಿಗೆ ತಟ್ಟಿದ. ಟಣ್ ಅಂತು. ಅಂಚು ಮುರಿದ. ಲಟಕ್ಕನೆ ಮುರಿಯಿತು. ಕಣ್ಣು ಸರಿ ಅಂತು, ಮೂಗು ಸರಿ ಅಂತು, ಕಿವಿ ಸರಿ ಅಂತು. ಮೂರು ಜನ ಹೇಳಿದ ಮೇಲೆ ನಾಲ್ಕನೆಯವಳಾದ ನಾಲಿಗೆಯನ್ನು ಕೇಳಲೇಬೇಕೆ? ಹಿಟ್ಟಜ್ಜ ತಪ್ಪು ಮಾಡಿದ್ದು ಯಾವತ್ತಾದರೂ ಉಂಟೆ?

ಕೈ ಹೋಗಿ ಗಂಟೆ ಬಾರಿಸಿತು. ಒಂದು ಸಲ.

ಆಚೆ ಭಾಮೈದ ಹೆಬ್ಬೆರಳು ತೋರಿಸಿದ. ನಾಲಿಗೆಯಣ್ಣ ಬಿಸ್ಕತ್ತನ್ನು ಮೆಲ್ಲಗೆ ಜೇಬಿಗಿಳಿಸಿದ. ಬದುಕಿದೆ ಅಂತ ಉಸಿರು ಬಿಟ್ಟ.

ಮಧ್ಯಾಹ್ನ ಊಟದ ಹೊತ್ತಿಗೆ ಡಬ್ಬ ತೆರೆದರೆ ಅದೇ ಸೌತೆಕಾಯಿ. ಎರಡು ಹೋಳು ತಿನ್ನುವಷ್ಟರಲ್ಲಿ ಗಂಟಲಿಗೆ ಬೇಜಾರು ಬಂತು. ಜೇಬಿನಲ್ಲಿದ್ದ ಬಿಸ್ಕತ್ತು ಕೆಂಡದ ಹಾಗೆ ಸುಡುತ್ತಿತ್ತು. ಇದು ಹತ್ತಿರವಿದ್ದರೆ ಆಪತ್ತು ಅಂತ ಎದ್ದು ಗೇಟಿಗೆ ಹೋದ. ಅಲ್ಲೊಂದು ಕಂದು ನಾಯಿ ಇತ್ತು. ಬಿಸ್ಕತ್ತು ತಿಂದು ತಿಂದು ಅದೂ ಇವನ ಹಾಗೇ ಗುಂಡಗಾಗಿತ್ತು. ಬಿಸ್ಕತ್ತನ್ನು ಅದರ ಮುಂದೆ ಎಸೆದ.

ನಾಯಿ ಓಡಿ ಬಂತು. ನೆಕ್ಕಿತು. ನಿಂತಿತು. ಇವನ ಮುಖ ನೋಡಿತು, ನೀನೂ ಹೀಗಾ ಅನ್ನುವ ಹಾಗೆ. ಆಮೇಲೆ ತಿರುಗಿ ನಲ್ಲಿಯ ಹತ್ತಿರ ಹೋಗಿ ನೀರು ಕುಡಿಯತೊಡಗಿತು.

ಗೇಟು ಕಾಯುವವನು ಬಾಯಿ ಬಿಟ್ಟ. "ಅಣ್ಣಾ, ಇದು ಹೋದ ತಿಂಗಳು ನನ್ನ ಚಪ್ಪಲಿ ತಿಂದ ನಾಯಿ! ಏನಣ್ಣಾ ಇದು, ನಾಯೀನೂ ಮೂಸದ ಬಿಸ್ಕತ್ತು ಮಾಡಿದೀರಾ?"

ಬಿಸ್ಕತ್ತಿನ ಪುಡಿ ನಾಲಿಗೆಯಣ್ಣನ ಬೆರಳಿಗೆ ಅಂಟಿತ್ತು. ಬೆರಳ ತುದಿಯನ್ನು ನಾಲಿಗೆಗೆ ಸೋಕಿಸಿದ.

ಉಪ್ಪು!

ಅಲ್ಲೇ ಗೇಟಿನ ಕಂಬ ಹಿಡಿದುಕೊಂಡ. ಕಿಟಕಿ, ನೀಲಿ ಡ್ರಮ್ಮು, ಹಿಂದೆ ಹೋದ ಕೈ, ಒಂದು ಸೌಟು, ಎರಡು ಸೌಟು ಎಲ್ಲ ಒಂದರ ಹಿಂದೊಂದು ಕಣ್ಮುಂದೆ ಬಂದವು. ಒಂದೇ ಉಸಿರಿಗೆ ಹಜಾರಕ್ಕೆ ಓಡಿದ.

"ಅಜ್ಜಾ! ಸಕ್ಕರೆ ಎಲ್ಲಿಂದ ಹಾಕಿದೆ?"

"ಕಿಟಕಿ ಕೆಳಗಿನ ಡ್ರಮ್ಮಿಂದ. ಇನ್ನೆಲ್ಲಿಂದ ಹಾಕ್ಲಿ?"

"ಅದು ಉಪ್ಪಿಂದು ಅಜ್ಜಾ! ಬೆಳಿಗ್ಗೆ ನೀನೇ ಇಡಿಸಿದೆಯಲ್ಲೋ!"

ಹಿಟ್ಟಜ್ಜ ತಿರುಗಿ ಡ್ರಮ್ಮು ನೋಡಿದ. ತನ್ನ ಕೈ ನೋಡಿಕೊಂಡ. ಹಿಟ್ಟಿನ ಕೆಳಗೂ ಮುಖ ಬಿಳಚಿದ್ದು ಕಂಡಿತು. ಆದರೆ ಮುದುಕ ಸುಲಭಕ್ಕೆ ಸಿಗುವವನಲ್ಲ. "ನಾನು ಜಾಗ ನೋಡಿ ತೋಡೋನು, ಡ್ರಮ್ಮು ನೋಡಿ ಅಲ್ಲ. ಜಾಗ ಬದಲಾಯಿಸಿದ್ದು ಯಾರು? ಇರ್ಲಿ, ತಿಂದು ನೋಡಿ ಒಂದೇ ಗಂಟೆ ಹೊಡೆದಿದ್ದು ಯಾರು? ಅಲ್ಲ, ತಿಂದೆ ತಾನೆ?"

ನಾಲಿಗೆಯಣ್ಣ ಲೆಕ್ಕ ಹಾಕಿದ. ಯಜಮಾನರ ಹತ್ತಿರ ಹೋಗಿ ನಿಜ ಹೇಳಿದರೆ ಬ್ಯಾಚು ನಿಲ್ಲುತ್ತದೆ. ಆದರೆ ತಿನ್ನದೆ ಗಂಟೆ ಹೊಡೆದೆ ಅಂತ ಬಾಯಿಬಿಟ್ಟರೆ ಇಪ್ಪತ್ತು ವರ್ಷದ ಮಾನ ಅಲ್ಲೇ ಹೋಯಿತು. ರುಚಿ ನೋಡದ ರುಚಿಗಾರ! ಆಮೇಲೆ ಯಾವ ಮುಖ ಇಟ್ಟುಕೊಂಡು ಆ ಕುರ್ಚಿಯಲ್ಲಿ ಕೂರುವುದು?

"ಮೇಡಮ್ಮಿಗೆ ಕೊಡೋದು ಎಲ್ಲಿದೆ?"

"ಯಜಮಾನರ ರೂಮಲ್ಲಿ. ಗಾಜಿನ ಮುಚ್ಚಳದ ಕೆಳಗೆ ಸಿಂಗಾರ ಮಾಡಿ ಇಟ್ಟಿದಾರೆ."

ಒಂದೇ ದಾರಿ ಇತ್ತು. ಹಳೆಯ ಒಳ್ಳೆಯ ಬಿಸ್ಕತ್ತಿನ ಒಂದು ಡಬ್ಬ ತಗೊಂಡು ಹೋಗಿ ಮೇಡಂ ಬರುವ ಮೊದಲು ತಟ್ಟೆ ಬದಲಾಯಿಸುವುದು. ಯಜಮಾನರು ಗೇಟಿನ ಕಡೆ ಹೋಗಿದ್ದು ಕಂಡಿತು. ನಾಲಿಗೆಯಣ್ಣ ಉಗ್ರಾಣದಿಂದ ಒಂದು ಡಬ್ಬ ಎತ್ತಿ ಅಂಗಿಯೊಳಗೆ ತೂರಿಸಿಕೊಂಡ. ಮೊದಲೇ ಇದ್ದ ಹೊಟ್ಟೆಯ ಮೇಲೆ ಇನ್ನೊಂದು ಚೌಕದ ಹೊಟ್ಟೆ ಬಂತು. ಗೋಡೆಗೆ ಅಂಟಿಕೊಂಡು ಹೊರಟ.

ಯಜಮಾನರ ರೂಮಿಗೆ ಇನ್ನು ನಾಲ್ಕು ಹೆಜ್ಜೆ ಅನ್ನುವಾಗ ಹಿಂದಿನಿಂದ ಎರಡು ಕೈ ಬಂದು ಸೊಂಟ ತಬ್ಬಿದವು.

"ಸಿಕ್ಕಿಬಿದ್ರಿ ಭಾವ! ಡಬ್ಬಕ್ಕೆ ಡಬ್ಬವೇ ಹೊಡ್ಕೊಂಡು ಹೊರಟ್ರಾ? ಅಕ್ಕನ ಆಣೆ ಏನಾಯ್ತು?"

"ಬಿಡೋ ಮಾರಾಯ! ತಿನ್ನೋಕಲ್ಲ ಕಣೋ!"

"ಮತ್ತೆ ಪೂಜೆ ಮಾಡೋಕಾ?"

"ಬಿಡೋ, ನನ್ನ ಕುರ್ಚಿ ಹೋಗುತ್ತೆ!"

"ಕುರ್ಚಿ ಹೋದ್ರೆ ಹೋಗ್ಲಿ, ಕಾಲು ಉಳೀಬೇಕು. ಸಕ್ಕರೆ ಜಾಸ್ತಿಯಾದ್ರೆ ಮೊದಲು ಹೋಗೋದೇ ಕಾಲಂತೆ!"

ಇವನು ಮುಂದಕ್ಕೆ ಎಳೆದ, ಅವನು ಹಿಂದಕ್ಕೆ ಎಳೆದ. ಅಂಗಿಯ ಗುಂಡಿ ಹಾರಿತು, ಡಬ್ಬ ಜಾರಿ ನೆಲಕ್ಕೆ ಬಿತ್ತು, ಮುಚ್ಚಳ ಒಂದು ಕಡೆ ಉರುಳಿತು, ಬಿಸ್ಕತ್ತು ಪಡಸಾಲೆಯ ತುಂಬ ಚೆಲ್ಲಿತು. ಅದೇ ಹೊತ್ತಿಗೆ ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಮೇಡಂ ಬೇಗ ಬಂದಿದ್ದರು.

ಅವರು ಎತ್ತರದ ಹೆಂಗಸು, ಚುರುಕು ನಡಿಗೆ, ಮುಖದಲ್ಲಿ ಸುಸ್ತು. ನೆಲದ ಮೇಲಿನ ಬಿಸ್ಕತ್ತು ದಾಟಿಕೊಂಡು ಒಳಗೆ ಹೋಗಿ ಕೂತರು. ಯಜಮಾನರು ಇಬ್ಬರ ಕಡೆಗೂ ಸುಡುವ ಹಾಗೆ ನೋಡಿದರು. "ಒಳಗೆ ಬಾ. ಮೇಡಂ ರುಚಿ ನೋಡಿದವರನ್ನ ಕಾಣಬೇಕಂತೆ," ಅಂದರು. ನಾಲಿಗೆಯಣ್ಣ ಗುಂಡಿಯಿಲ್ಲದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು, ಗಲ್ಲಿಗೆ ಹೋಗುವವನ ಹಾಗೆ ಒಳಗೆ ಹೋದ. ಭಾಮೈದ ಬಾಗಿಲಲ್ಲಿ ನಿಂತ, ಫೋನಿನಲ್ಲಿ ಅಕ್ಕ.

"ನೋಡಿ, ಮುಂಚೆನೇ ಹೇಳ್ತೀನಿ," ಅಂದರು ಮೇಡಂ. "ಬೆಳಿಗ್ಗೆಯಿಂದ ಮೂರು ಕಾರ್ಖಾನೆ ನೋಡಿ ಬಂದೆ. ಎಲ್ಲರೂ ಆರೋಗ್ಯ ಆರೋಗ್ಯ ಅಂತಾರೆ, ಬಾಯಿಗಿಟ್ರೆ ಸಕ್ಕರೆ. ಇನ್ನೊಂದು ಸಿಹಿ ಚೂರು ತಿಂದ್ರೆ ನಾನೇ ಪಾಕ ಆಗಿಬಿಡ್ತೀನಿ."

ಯಜಮಾನರು ನಗುತ್ತ ಮುಚ್ಚಳ ತೆಗೆದರು. ಮೇಡಂ ಒಂದು ಬಿಸ್ಕತ್ತು ತಗೊಂಡರು. ಕಚ್ಚಿದರು.

ಮೇಡಂ ಹುಬ್ಬು ಮೇಲೆ ಹೋಯಿತು. ಯಜಮಾನರು ಅದನ್ನು ನೋಡಿ ತಾವೂ ಒಂದು ಕಚ್ಚಿದರು. ಕಾಯಿಸಿದ ನೀರಿಗೂ ಸಾರಿಗೂ ವ್ಯತ್ಯಾಸ ಗೊತ್ತಾಗದ ಆ ನಾಲಿಗೆಗೂ ಗೊತ್ತಾಯಿತು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ನೀಲಿಯಾಯಿತು.

"ಇದೇನಿದು, ಉಪ್ಪು?" ಅಂದರು ಮೇಡಂ.

"ಗಂಟೆ ಹೊಡೆದವನು ನೀನು ತಾನೆ?" ಅಂದರು ಯಜಮಾನರು.

ನಾಲಿಗೆಯಣ್ಣನ ಕಿವಿಯಲ್ಲಿ ಗುಂಯ್ ಅಂತಿತ್ತು. ಕಣ್ಣ ಮುಂದೆ ಬಣ್ಣದಂಗಡಿಯ ಸ್ಟೂಲು ಬಂತು. ಏನು ಹೇಳಬೇಕು ಅಂತ ಯೋಚಿಸುವ ಮೊದಲೇ ಬಾಯಿ ತೆರೆದುಕೊಂಡಿತು. "ಬೇಕಂತಲೇ ಮಾಡಿದ್ದು ಮೇಡಂ! ಆರೋಗ್ಯದ ಬಿಸ್ಕತ್ತಿಗೆ ಎರಡು ಸೌಟು ಸಕ್ಕರೆನಾದ್ರೂ ಯಾಕೆ? ಅದೂ ಬೇಡ ಅಂತ ತೆಗೆದುಬಿಟ್ವಿ. ಒಂದು ಕಾಳು ಸಕ್ಕರೆ ಇಲ್ಲ!"

"ಇಷ್ಟು ಉಪ್ಪಿರೋದನ್ನ ಜನ ತಿಂತಾರಾ?"

"ತಿಂತಾರೆ ಮೇಡಂ!"

"ಎಲ್ಲಿ, ನೀವು ತಿಂದು ತೋರಿಸಿ."

ನಾಲಿಗೆಯಣ್ಣ ಬಾಗಿಲ ಕಡೆ ನೋಡಿದ. ಭಾಮೈದ ನೆಟ್ಟ ಕಣ್ಣಲ್ಲಿ ನೋಡುತ್ತಿದ್ದ. ಇವನು ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದು ಅವನ ಕೈಗೇ ಕೊಟ್ಟ. ಭಾಮೈದ ಕಚ್ಚಿ ಮುಖ ಸಿಂಡರಿಸಿ ಫೋನಿಗೆ ಹೇಳಿದ, "ಅಕ್ಕಾ, ಸಿಹಿ ಅಲ್ಲ ಕಣೇ. ಬರೀ ಉಪ್ಪು."

ಫೋನಿನಿಂದ ಎಲ್ಲರಿಗೂ ಕೇಳಿಸುವ ಹಾಗೆ ಉತ್ತರ ಬಂತು. "ಸಕ್ಕರೆ ಇಲ್ಲ ತಾನೆ? ಪಾಪ, ವಾರದಿಂದ ಸಪ್ಪೆ ತಿಂದಿದಾರೆ. ಹೊಟ್ಟೆ ತುಂಬ ತಿನ್ಲಿ ಬಿಡು!"

ಅಪ್ಪಣೆ ಸಿಕ್ಕಿತು. ನಾಲಿಗೆಯಣ್ಣ ಒಂದು ಬಾಯಿಗಿಟ್ಟ. ಅಯ್ಯೋ ಅಯ್ಯೋ, ಅದೇನು ರುಚಿ! ವಾರದಿಂದ ಸೌತೆಕಾಯಿ ಕಂಡ ನಾಲಿಗೆಗೆ ಉಪ್ಪು ಸೋಕಿತು ನೋಡಿ, ಕಣ್ಣಲ್ಲಿ ನೀರೇ ಬಂತು. ಎರಡನೆಯದು ಹೋಯಿತು. ಮೂರನೆಯದು ಹೋಯಿತು. ಅವನು ಈಗ ಮೇಡಮ್ಮಿಗಾಗಿ ತಿನ್ನುತ್ತಿರಲಿಲ್ಲ, ಕುರ್ಚಿಗಾಗಿಯೂ ತಿನ್ನುತ್ತಿರಲಿಲ್ಲ. ಬರಗೆಟ್ಟವನ ಹಾಗೆ ತಿಂದ. ತಟ್ಟೆ ಖಾಲಿಯಾಯಿತು. ಇನ್ನೊಂದು ತಟ್ಟೆ ತರಿಸಿದರು, ಅದೂ ಅರ್ಧಕ್ಕಿಳಿಯಿತು.

ಒಬ್ಬರು ಹಾಗೆ ತಿನ್ನುವುದನ್ನು ನೋಡಿ ಸುಮ್ಮನೆ ಕೂರುವುದು ಕಷ್ಟ. ಮೇಡಂ ಇನ್ನೊಂದು ತಗೊಂಡರು, ಈ ಸಲ ಚಹಾದಲ್ಲಿ ಅದ್ದಿ. ತಿಂದರು. ಮತ್ತೊಂದು ಅದ್ದಿದರು.

"ಅಲ್ಲಾ ಇವರೇ," ಅಂದರು ನಿಧಾನವಾಗಿ, "ಚಹಾದ ಜೊತೆ ಚೆನ್ನಾಗೇ ಇದೆಯಲ್ಲ! ಬೆಳಿಗ್ಗೆಯಿಂದ ಕೆಟ್ಟಿದ್ದ ಬಾಯಿ ಸರಿಹೋಯ್ತು. ಉಪ್ಪು ಒಂಚೂರು ಕಡಿಮೆ ಮಾಡಿ. ನನ್ನ ಎಲ್ಲಾ ಕ್ಯಾಂಟೀನಿಗೂ ಕಳಿಸಿ."

ಅವರ ಕಾರು ಗೇಟು ದಾಟಿದ್ದೇ ತಡ, ಯಜಮಾನರು ನಾಲಿಗೆಯಣ್ಣನನ್ನು ಅಪ್ಪಿಕೊಂಡರು. "ನಿನ್ನ ನಾಲಿಗೆಗೆ ಚಿನ್ನದ ಕವಚ ಹಾಕಿಸಬೇಕು ಕಣಯ್ಯಾ! ಕೇಳು, ಏನು ಬೇಕು ಕೇಳು!"

ನಾಲಿಗೆಯಣ್ಣ ಯೋಚಿಸಿದ. ಉಪ್ಪಿನ ಬಿಸ್ಕತ್ತು ಹೊಸದಾಗಿ ಶುರುವಾಗುತ್ತೆ. ಅದಕ್ಕೂ ಒಬ್ಬ ರುಚಿಗಾರ ಬೇಕು. ಅಲ್ಲಿ ಸಕ್ಕರೆಯ ಸುಳಿವೇ ಇಲ್ಲ. ಹೆಂಡತಿಯ ಆಣೆಯೂ ಉಳಿಯಿತು, ಕೆಲಸವೂ ಉಳಿಯಿತು, ದಿನಾ ಹೊಟ್ಟೆಯೂ ತುಂಬುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

"ಸಾರ್, ನನ್ನನ್ನ ಸಿಹಿಯಿಂದ ಬಿಡಿಸಿ ಉಪ್ಪಿಗೆ ಹಾಕಿಬಿಡಿ. ಇನ್ನು ಸಾಯೋ ತನಕ ಉಪ್ಪಿನ ಬಿಸ್ಕತ್ತು ಮಾತ್ರ ನೋಡ್ತೀನಿ."

"ಆಗ್ಲಿ. ಆದ್ರೆ ಸಿಹಿಗೆ ಯಾರಯ್ಯಾ?"

ಗೆದ್ದವನಿಗೆ ಧಾರಾಳ ಹೆಚ್ಚು. "ಇವನೇ ಇದಾನಲ್ಲ," ಅಂತ ಬಾಗಿಲ ಕಡೆ ಕೈ ತೋರಿಸಿದ. "ನಮ್ಮ ಭಾಮೈದ. ತಿನ್ನೋದರಲ್ಲಿ ಅವನನ್ನ ಮೀರಿಸಿದವರಿಲ್ಲ." ಹಿತ್ತಾಳೆ ಗಂಟೆಯನ್ನು ತಾನೇ ತಂದು ಅವನ ಕೈಗಿಟ್ಟ. ಭಾಮೈದ ಭಾವನ ಕಾಲಿಗೆ ಬಿದ್ದ. ಹಿಟ್ಟಜ್ಜ ಉಪ್ಪಿನ ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಗುರುತು ಹಾಕಿದ.

ಸಂಜೆ ಡಾಕ್ಟರ ಶಾಪಿನಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಕೂತಿದ್ದರು. ನಾಲಿಗೆಯಣ್ಣನಿಗೆ ವಿಪರೀತ ಬಾಯಾರಿಕೆ. ಮೂಲೆಯಲ್ಲಿದ್ದ ನೀರಿನ ಕ್ಯಾನಿನ ಮುಂದೆ ನಾಲ್ಕು ಸಲ ನಿಂತು ಬಂದ. ಬೆರಳಿನ ಉಂಗುರ ಬಿಗಿಯಾಗಿತ್ತು, ಕಿವಿಯಲ್ಲಿನ ಗುಂಯ್ ಇನ್ನೂ ನಿಂತಿರಲಿಲ್ಲ. ಸಂತೋಷ ಜಾಸ್ತಿಯಾದರೆ ಹೀಗೆಲ್ಲ ಆಗುತ್ತೆ ಅಂದುಕೊಂಡ.

ಡಾಕ್ಟರು ರಿಪೋರ್ಟು ನೋಡಿ ನಕ್ಕರು. "ಭೇಷ್! ಸಕ್ಕರೆ ಚೆನ್ನಾಗಿ ಇಳಿದಿದೆ."

ಹೆಂಡತಿ ಎರಡೂ ಕೈ ಮುಗಿದಳು. ಗಂಡನ ಕೈಯನ್ನು ಮೆಲ್ಲಗೆ ಒತ್ತಿದಳು. ಮದುವೆಯಾದ ಹೊಸದರಲ್ಲಿ ಒತ್ತಿದ್ದು ಬಿಟ್ಟರೆ ಈಗಲೇ. "ಬಣ್ಣದಂಗಡಿ ಬೇಡ ಅಂತ ಅಣ್ಣನಿಗೆ ಹೇಳಿಬಿಡ್ತೀನಿ ರೀ," ಅಂದಳು. ನಾಲಿಗೆಯಣ್ಣನಿಗೆ ಇಡೀ ಲೋಕವೇ ಮುದ್ದಾಗಿ ಕಂಡಿತು.

"ಈಗ ಉಳಿದದ್ದು ನೋಡೋಣ. ಕೈ ಕೊಡಿ," ಅಂದರು ಡಾಕ್ಟರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ನಗು ಕಡಿಮೆಯಾಯಿತು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಂದು ಸಲ ಒತ್ತಿದರು. ನಗು ಪೂರ್ತಿ ಹೋಯಿತು. "ಬಿ.ಪಿ. ಹೋದ ವಾರ ಗಡಿಯಲ್ಲಿತ್ತು. ಇವತ್ತು ಗಡಿ ದಾಟಿ ಎಲ್ಲೋ ಹೋಗಿದೆಯಲ್ರೀ! ಏನು ತಿಂದ್ರಿ ಇವತ್ತು?"

ಹೆಂಡತಿಯೇ ಹೆಮ್ಮೆಯಿಂದ ಹೇಳಿದಳು. "ಸಿಹಿ ಒಂದು ಚೂರೂ ಮುಟ್ಟಿಲ್ಲ ಡಾಕ್ಟ್ರೇ. ಬರೀ ಉಪ್ಪಿನ ಬಿಸ್ಕತ್ತು. ಒಂದೂವರೆ ತಟ್ಟೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವತ್ತಿಂದ ಉಪ್ಪು ಬಂದ್. ಉಪ್ಪಿನ ತಿಂಡಿ ಒಂದೂ ಬಾಯಿಗೆ ಹೋಗಬಾರದು. ಉಪ್ಪು ಇರೋದನ್ನೆಲ್ಲ ಕಣ್ಣಿಗೆ ಕಾಣದ ಹಾಗೆ ಇಡಿ."

"ಡಾಕ್ಟ್ರೇ," ಅಂದ ನಾಲಿಗೆಯಣ್ಣ, ದನಿ ಅಳುವಿಗೆ ಬಂದಿತ್ತು, "ಸಕ್ಕರೆ ಹೇಗೂ ಇಳಿದಿದೆಯಲ್ಲ, ವಾಪಸ್ಸು ಸಿಹಿಗೆ ಹೋಗಬಹುದಾ?"

ಡಾಕ್ಟರು ಕನ್ನಡಕ ಹಾಕಿಕೊಂಡು ಚೀಟಿ ಬರೆಯತೊಡಗಿದರು. ಹೂಂ ಅಂದಿದ್ದರೂ ಏನು ಬಂತು? ಸಿಹಿಯ ಗಂಟೆ ಆ ಹೊತ್ತಿಗೆ ಭಾಮೈದನ ಮನೆಯಲ್ಲಿ ಅಭ್ಯಾಸಕ್ಕೆಂದು ಮೊಳಗುತ್ತಿತ್ತು. ಹೆಂಡತಿ ಆಗಲೇ ಫೋನು ತೆಗೆದಿದ್ದಳು.

"ಅಣ್ಣಾ, ಆ ಸ್ಟೂಲು ಇನ್ನೂ ಖಾಲಿ ಇದೆಯಾ? ನಾಳೆ ಬೆಳಿಗ್ಗೆನೇ ಇವರನ್ನ ಕಳಿಸ್ತೀನಿ."

ಆ ಕಡೆ ಅಣ್ಣನ ದನಿ ಗಟ್ಟಿ, ಶಾಪಿನವರಿಗೆಲ್ಲ ಕೇಳಿಸಿತು. "ಕಳಿಸಮ್ಮಾ, ಸಂತೋಷ. ಆದ್ರೆ ಭಾವನಿಗೆ ಈಗಲೇ ಒಂದು ಮಾತು ಹೇಳಿಟ್ಟಿರು. ನಮ್ಮಲ್ಲಿ ಡಬ್ಬ ಎಲ್ಲಾ ನೋಡೋಕೆ ಒಂದೇ ಥರ ಇರುತ್ತೆ. ಯಾವುದನ್ನೂ ಇಟ್ಟ ಜಾಗದಿಂದ ಅಲ್ಲಾಡಿಸಬಾರದು."